ಹರಕು ಕಾಗದ ಓದಿದ ಪಂಡಿತ: ಎಸ್. ಡಿ. ಗೋಯಿಟೈನ್



ಸುಮಾರು 900 ವರ್ಷಗಳ ಹಿಂದೆ ನಮ್ಮ ಮಂಗಳೂರಿನಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿಯೊಬ್ಬ ಮನೆ ಮಾಡಿಕೊಂಡಿದ್ದ. ಕಾಳುಮೆಣಸು, ಏಲಕ್ಕಿ, ಅಡಿಕೆ, ಕಬ್ಬಿಣವನ್ನು ಹಡಗಿಗೆ ಹೇರಿ ಯೆಮನ್ ದೇಶದ ಏಡನ್ ಬಂದರಿಗೆ ಕಳಿಸುತ್ತಿದ್ದ. ಅಲ್ಲಿಂದ ಬಂದ ಹಳೆಯ ತಾಮ್ರ, ಹಿತ್ತಾಳೆಯನ್ನು ಕರಗಿಸಿ ಹೊಸ ಪಾತ್ರೆ ಮಾಡಿಸಿ ಮರಳಿ ಕಳಿಸುತ್ತಿದ್ದ. ಅವನ ಕೈಕೆಳಗೆ ಬೊಮ್ಮ ಎಂಬ ಹೆಸರಿನ ನಮ್ಮ ಕಡೆಯ ಆಳೊಬ್ಬನಿದ್ದ. ಇಷ್ಟೆಲ್ಲ ವಿವರ ನಮಗೆ ಸಿಕ್ಕಿದ್ದು ಶಿಲಾಶಾಸನದಿಂದಲ್ಲ, ಯಾವುದೋ ರಾಜನ ಚರಿತ್ರೆಯಿಂದಲೂ ಅಲ್ಲ. ಈಜಿಪ್ಟಿನ ಕೈರೋದಲ್ಲಿ ಒಂದು ಹಳೆಯ ಪ್ರಾರ್ಥನಾ ಮಂದಿರದ ಕೋಣೆಯಲ್ಲಿ ಬಿದ್ದಿದ್ದ ಹರಕು ಕಾಗದಗಳಿಂದ ಸಿಕ್ಕಿತು. ಆ ಕಾಗದಗಳನ್ನು ಒಂದಕ್ಕೊಂದು ಹೊಂದಿಸಿ, ಓದಿ, ಅರ್ಥ ಹೇಳಿದವರಲ್ಲಿ ಮೊದಲು ನಿಲ್ಲುವವರು ಶೆಲೊಮೊ ಡೋವ್ ಗೋಯಿಟೈನ್.

ಅವರು ಯಹೂದಿ ವಿದ್ವಾಂಸರು. ಆದರೆ ಅವರ ವಿದ್ವತ್ತು ಆರಂಭವಾದದ್ದು ಕುರ್‌ಆನಿನ ಅಧ್ಯಯನದಿಂದ. ಇಂದು ಯಹೂದಿ ಮತ್ತು ಮುಸ್ಲಿಂ ಎಂಬ ಎರಡು ಹೆಸರುಗಳು ನಮ್ಮ ಕಿವಿಗೆ ಜೊತೆಯಾಗಿ ಬೀಳುವುದು ಹೆಚ್ಚಾಗಿ ಯುದ್ಧದ ಸುದ್ದಿಯಲ್ಲಿ. ಈ ಎರಡು ಸಮುದಾಯಗಳು ಒಂದೇ ಬೀದಿಯಲ್ಲಿ ಬದುಕಿದ ದಿನಗಳೂ ಇದ್ದವು. ಆ ದಿನಗಳನ್ನು ಒಳ್ಳೆಯದು ಕೆಟ್ಟದ್ದು ಎರಡನ್ನೂ ಮುಚ್ಚಿಡದೆ ಬರೆದಿಟ್ಟವರ ಜೀವನ ನಮ್ಮ ವಿದ್ಯಾರ್ಥಿಗಳಿಗೆ ತಿಳಿದಿರಲಿ ಎಂಬ ಉದ್ದೇಶದಿಂದ ಈ ಲೇಖನ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಗೋಯಿಟೈನ್ ಹುಟ್ಟಿದ್ದು 1900ರ ಏಪ್ರಿಲ್ 3ರಂದು, ಜರ್ಮನಿಯ ಬವೇರಿಯಾ ಪ್ರಾಂತ್ಯದ ಬುರ್ಗ್‌ಕುನ್‌ಸ್ಟಾಟ್ ಎಂಬ ಸಣ್ಣ ಊರಿನಲ್ಲಿ. ತಂದೆ ಆ ಊರಿನ ಯಹೂದಿಗಳ ಧರ್ಮಗುರು. ಹಂಗೇರಿಯಿಂದ ಬಂದ ಮನೆತನ. ಹುಡುಗನಿಗೆ ಹದಿನಾಲ್ಕು ವರ್ಷವಾದಾಗ, 1914ರಲ್ಲಿ, ತಂದೆ ತೀರಿಕೊಂಡರು. ಕುಟುಂಬ ಫ್ರಾಂಕ್‌ಫರ್ಟ್ ನಗರಕ್ಕೆ ಬಂತು. ಅಲ್ಲಿ ಅವರು ಶಾಲೆಯ ಪಾಠದ ಜೊತೆಗೇ ಯಹೂದಿ ಧರ್ಮಶಾಸ್ತ್ರವಾದ ತಾಲ್ಮುದನ್ನು ಗುರುಗಳ ಬಳಿ ಕುಳಿತು ಓದಿದರು. ನಮ್ಮಲ್ಲಿ ಬೆಳಿಗ್ಗೆ ಮದರಸಾಕ್ಕೆ ಹೋಗಿ ಆಮೇಲೆ ಶಾಲೆಗೆ ಓಡುವ ಮಕ್ಕಳಿಗೆ ಈ ಬಗೆಯ ಎರಡು ಓದು ಹೊಸದೇನಲ್ಲ.

1918ರಿಂದ 1923ರ ವರೆಗೆ ಅವರು ಫ್ರಾಂಕ್‌ಫರ್ಟ್ ಮತ್ತು ಬರ್ಲಿನ್ ವಿಶ್ವವಿದ್ಯಾಲಯಗಳಲ್ಲಿ ಓದಿದರು. ಫ್ರಾಂಕ್‌ಫರ್ಟಿನಲ್ಲಿ ಅವರಿಗೆ ಅರಬ್ಬಿ ಮತ್ತು ಇಸ್ಲಾಮಿನ ಅಧ್ಯಯನ ಕಲಿಸಿದವರು ಜೋಸೆಫ್ ಹೊರೊವಿಟ್ಸ್. ಈ ಹೆಸರನ್ನು ನಾವು ನೆನಪಿಡಬೇಕು. ಹೊರೊವಿಟ್ಸ್ 1907ರಿಂದ 1915ರ ವರೆಗೆ ನಮ್ಮ ಭಾರತದ ಅಲಿಗಢದಲ್ಲಿ ಇದ್ದವರು. ಸರ್ ಸೈಯದ್ ಅಹಮದ್ ಖಾನ್ ಕಟ್ಟಿದ, ಮುಂದೆ ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯವಾಗಿ ಬೆಳೆದ ಕಾಲೇಜಿನಲ್ಲಿ ಅವರು ಅರಬ್ಬಿ ಅಧ್ಯಾಪಕರಾಗಿದ್ದರು. ಭಾರತದ ಅರಬ್ಬಿ ಮತ್ತು ಫಾರ್ಸಿ ಶಾಸನಗಳನ್ನು ಸಂಪಾದಿಸುವ ಸರಕಾರದ ಕೆಲಸವನ್ನೂ ಮಾಡಿದ್ದರು. ಮೊದಲ ಮಹಾಯುದ್ಧ ಶುರುವಾದ ಮೇಲೆ ಬ್ರಿಟಿಷರ ಕಣ್ಣಿಗೆ ಅವರು ಶತ್ರುದೇಶದ ಪ್ರಜೆಯಾದರು. ಹೀಗಾಗಿ ಜರ್ಮನಿಗೆ ಮರಳಬೇಕಾಯಿತು. ಅಂಥ ಗುರುವಿನ ಕೈಕೆಳಗೆ ಗೋಯಿಟೈನ್ ಡಾಕ್ಟರೇಟ್ ಪ್ರಬಂಧ ಬರೆದರು. ವಿಷಯ: ಕುರ್‌ಆನಿನಲ್ಲಿ ಪ್ರಾರ್ಥನೆ. ಧರ್ಮಗುರುವಿನ ಮನೆಯ ಯಹೂದಿ ಹುಡುಗ ನಮಾಜಿನ ಬಗ್ಗೆ ಆಯತ್ ಆಯತ್ ಹಿಡಿದು ಓದಿ ಪದವಿ ಪಡೆದದ್ದು 1923ರಲ್ಲಿ.

ಒಂದೇ ಹಡಗಿನ ಇಬ್ಬರು ಗೆಳೆಯರು

ಅದೇ 1923ರಲ್ಲಿ ಅವರು ಆಗ ಬ್ರಿಟಿಷರ ಆಡಳಿತದಲ್ಲಿದ್ದ ಪ್ಯಾಲೆಸ್ಟೈನಿಗೆ ಹಡಗು ಹತ್ತಿದರು. ಅದೇ ಹಡಗಿನಲ್ಲಿ ಗೆರ್ಶೊಮ್ ಶೋಲೆಮ್ ಎಂಬ ಇನ್ನೊಬ್ಬ ಜರ್ಮನ್ ಯಹೂದಿ ತರುಣನಿದ್ದ. ಮುಂದೆ ಇಬ್ಬರೂ ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದರು. ಇಬ್ಬರೂ ಜಗತ್ತಿನ ದೊಡ್ಡ ವಿದ್ವಾಂಸರ ಸಾಲಿಗೆ ಸೇರಿದರು. ಆದರೆ ಹಿಡಿದ ದಾರಿ ಬೇರೆ ಬೇರೆ.

ಶೋಲೆಮ್ ಆರಿಸಿಕೊಂಡದ್ದು ಯಹೂದಿಗಳ ಅನುಭಾವವನ್ನು, ಅಂದರೆ ಕಬ್ಬಾಲಾ ಎಂಬ ಗೂಢ ಸಾಧನೆಯ ಚರಿತ್ರೆಯನ್ನು. ಅಲ್ಲಿಯ ವರೆಗೆ ಬಹಳಷ್ಟು ವಿದ್ವಾಂಸರು ಅದನ್ನು ಮೂಢನಂಬಿಕೆ ಎಂದು ಬದಿಗೆ ತಳ್ಳಿದ್ದರು. ಶೋಲೆಮ್ ಹಸ್ತಪ್ರತಿಗಳನ್ನು ಹುಡುಕಿ ಅದನ್ನೊಂದು ಶಾಸ್ತ್ರೀಯ ಅಧ್ಯಯನ ಮಾಡಿದರು. 16ನೆಯ ಶತಮಾನದಲ್ಲಿ ಸಫೇದ್ ಊರಿನಲ್ಲಿ ಇದ್ದ ಐಸಾಕ್ ಲೂರಿಯಾ ಎಂಬ ಅನುಭಾವಿಯ ವಿಚಾರಗಳು ಯಹೂದಿ ಲೋಕವನ್ನೆಲ್ಲ ಹೇಗೆ ವ್ಯಾಪಿಸಿದವು ಎಂದು ತೋರಿಸಿದರು. 1665ರಲ್ಲಿ ತಾನೇ ರಕ್ಷಕ ಪುರುಷನೆಂದು ಸಾರಿಕೊಂಡು, ಮರುವರ್ಷ ಉಸ್ಮಾನಿಯಾ ಸುಲ್ತಾನನ ಮುಂದೆ ಇಸ್ಲಾಮಿಗೆ ಬಂದ ಸಬ್ಬತಾಯಿ ಜೆವಿಯ ಬಗ್ಗೆ ಅವರು ಬರೆದ ದೊಡ್ಡ ಗ್ರಂಥ 1957ರಲ್ಲಿ ಹೀಬ್ರೂ ಭಾಷೆಯಲ್ಲಿ ಹೊರಬಂತು. ಶೋಲೆಮ್ 1982ರಲ್ಲಿ ತೀರಿಕೊಂಡರು.

ಶೋಲೆಮ್ ದೇವರನ್ನು ಹುಡುಕಿದವರ ಗ್ರಂಥಗಳನ್ನು ಓದಿದರೆ, ಗೋಯಿಟೈನ್ ಮುಂದೆ ಓದಿದ್ದು ಹೊಟ್ಟೆಪಾಡಿಗೆ ದುಡಿದವರ ಚೀಟಿಗಳನ್ನು. ಆದರೂ ಎರಡು ದಾರಿ ಒಂದು ಕಡೆ ಕೂಡುತ್ತವೆ. ಆ ಮಹಾ ಅನುಭಾವಿ ಲೂರಿಯಾ ಸಫೇದಿಗೆ ಹೋಗುವ ಮೊದಲು ಈಜಿಪ್ಟಿನಲ್ಲಿದ್ದಾಗ ಕಾಳುಮೆಣಸಿನ ವ್ಯಾಪಾರ ಮಾಡುತ್ತಿದ್ದ. ಆ ವ್ಯಾಪಾರದ ಕಾಗದವೊಂದು ಕೈರೋದ ಅದೇ ಕಾಗದದ ರಾಶಿಯಲ್ಲಿ ಸಿಕ್ಕಿದೆ.

ಶಿಕ್ಷಕ, ಸಂಪಾದಕ, ಶಾಲಾ ಅಧಿಕಾರಿ

ಗೋಯಿಟೈನ್ ಮೊದಲು ನಾಲ್ಕು ವರ್ಷ ಹೈಫಾ ನಗರದ ಪ್ರೌಢಶಾಲೆಯೊಂದರಲ್ಲಿ ಮಕ್ಕಳಿಗೆ ಪಾಠ ಹೇಳಿದರು. ಆ ದಿನಗಳಲ್ಲಿ ಒಂದು ನಾಟಕವನ್ನೂ ಬರೆದರು. 1928ರಲ್ಲಿ ಹೀಬ್ರೂ ವಿಶ್ವವಿದ್ಯಾಲಯದಲ್ಲಿ ಇಸ್ಲಾಮಿನ ಚರಿತ್ರೆ ಮತ್ತು ಅಧ್ಯಯನದ ಅಧ್ಯಾಪಕರಾದರು. ಅಲ್ಲಿ ಗುರು ಹೊರೊವಿಟ್ಸ್ ಹಾಕಿಕೊಟ್ಟಿದ್ದ ಒಂದು ಯೋಜನೆ ಇತ್ತು. 9ನೆಯ ಶತಮಾನದ ಬಗ್ದಾದಿನ ಇತಿಹಾಸಕಾರ ಅಲ್-ಬಲಾಜುರಿಯ 'ಅನ್ಸಾಬುಲ್ ಅಶ್ರಾಫ್' ಗ್ರಂಥವನ್ನು ಹಸ್ತಪ್ರತಿಯಿಂದ ಶುದ್ಧವಾಗಿ ಮುದ್ರಿಸುವ ಯೋಜನೆ ಅದು. ಅದರ ಐದನೆಯ ಸಂಪುಟವನ್ನು ಗೋಯಿಟೈನ್ ಸಂಪಾದಿಸಿದರು. 1936ರಲ್ಲಿ ಅದು ಪ್ರಕಟವಾಯಿತು. ಒಂದೊಂದು ಪದದ ಮೇಲೆ ದಿನಗಟ್ಟಲೆ ಕೂಡುವ ತಾಳ್ಮೆ ಅವರಿಗೆ ಬಂದದ್ದು ಇಂಥ ಕೆಲಸದಿಂದ.

1938ರಿಂದ 1948ರ ವರೆಗೆ ಅವರು ಬ್ರಿಟಿಷ್ ಆಡಳಿತದ ಶಿಕ್ಷಣ ಇಲಾಖೆಯಲ್ಲಿ ಹಿರಿಯ ಅಧಿಕಾರಿಯಾಗಿಯೂ ದುಡಿದರು. ಯಹೂದಿ ಶಾಲೆಗಳು, ಅರಬ್ ಶಾಲೆಗಳು ಎರಡೂ ಅವರ ಕೆಲಸದ ವ್ಯಾಪ್ತಿಯಲ್ಲಿದ್ದವು. ಭಾಷೆಯನ್ನು ಮಕ್ಕಳಿಗೆ ಹೇಗೆ ಕಲಿಸಬೇಕು ಎಂಬ ವಿಷಯವಾಗಿ ಪುಸ್ತಕ ಬರೆದರು.

ಇದರ ಜೊತೆಗೆ ಇನ್ನೊಂದು ಆಸಕ್ತಿ ಅವರನ್ನು ಹಿಡಿದಿತ್ತು. ಯೆಮನ್ ದೇಶದಿಂದ ಜೆರುಸಲೇಮಿಗೆ ಬಂದಿದ್ದ ಯಹೂದಿಗಳ ಅರಬ್ಬಿ ಮಾತು, ಗಾದೆ, ಕಥೆ, ಮನೆಯ ರೀತಿ ರಿವಾಜುಗಳನ್ನು ಅವರು ಕೂಡಿಹಾಕುತ್ತಿದ್ದರು. ನೇಕಾರರು, ಕಮ್ಮಾರರು, ಅಕ್ಕಸಾಲಿಗರ ಎದುರು ಕುಳಿತು ಕೇಳಿ ಬರೆದುಕೊಂಡರು. ಯೆಮನ್ ಗಾದೆಗಳ ಪುಸ್ತಕ 1934ರಲ್ಲಿ ಹೊರಬಂತು. ಈ ಕೆಲಸ ದೊಡ್ಡ ವಿದ್ವತ್ತಿನದು ಎಂದು ಆಗ ಯಾರಿಗೂ ಅನಿಸಿರಲಿಕ್ಕಿಲ್ಲ. ಆದರೆ ಅರಬ್ಬಿ ಮಾತಾಡುವ ಯಹೂದಿಯ ಮನೆಯೊಳಗಿನ ಬದುಕು ಹೇಗಿರುತ್ತದೆ ಎಂಬುದನ್ನು ಅವರು ಕಲಿತದ್ದು ಅಲ್ಲಿ. ಮುಂದೆ ಹಳೆಯ ಪತ್ರಗಳು ಕೈಗೆ ಬಂದಾಗ ಅದೇ ತಿಳಿವಳಿಕೆ ಬೀಗದ ಕೈಯಾಯಿತು.

ಒಡೆದ ನೆರೆಹೊರೆ

1948ರಲ್ಲಿ ಪ್ಯಾಲೆಸ್ಟೈನಿನಲ್ಲಿ ಯುದ್ಧವಾಯಿತು. ಇಸ್ರೇಲ್ ರಾಷ್ಟ್ರ ಹುಟ್ಟಿತು. ಸುಮಾರು 7 ಲಕ್ಷ ಪ್ಯಾಲೆಸ್ಟೈನಿಯರು ತಮ್ಮ ಮನೆ, ಹೊಲ, ಊರುಗಳನ್ನು ಕಳೆದುಕೊಂಡು ನಿರಾಶ್ರಿತರಾದರು. ಅವರಲ್ಲಿ ಮುಸ್ಲಿಮರೂ ಕ್ರೈಸ್ತರೂ ಇದ್ದರು. ಮರುವರ್ಷ ಇನ್ನೊಂದು ಕಡೆ ಯೆಮನ್ ದೇಶದ ಯಹೂದಿಗಳು ಶತಮಾನಗಳಿಂದ ಬಾಳಿದ್ದ ನೆಲ ಬಿಟ್ಟು ಏಡನ್ನಿಗೆ ನಡೆದು ಬಂದರು. ಅಲ್ಲಿಂದ ವಿಮಾನದಲ್ಲಿ ಇಸ್ರೇಲಿಗೆ ಹೋದರು. ಹೀಗೆ ಹೋದವರು ಸುಮಾರು 50 ಸಾವಿರ ಮಂದಿ. ಗೋಯಿಟೈನ್ 1949ರಲ್ಲಿ ಏಡನ್ನಿಗೆ ಹೋಗಿ, ಆ ಜನ ಚದುರುವ ಮೊದಲು ಅವರ ಊರುಗಳ ನೆನಪುಗಳನ್ನು ಬರೆದುಕೊಂಡರು.

ಗೋಯಿಟೈನ್ ಯಹೂದಿಗಳಿಗೆ ಅಲ್ಲಿ ನೆಲೆ ಸಿಗಬೇಕೆಂದು ನಂಬಿ ಹೋದವರಲ್ಲಿ ಒಬ್ಬರು. ಅದನ್ನು ನಾವು ಮರೆಮಾಚಬೇಕಾಗಿಲ್ಲ. ಆದರೆ ಯಹೂದಿ ಮತ್ತು ಅರಬ್ ನೆರೆಹೊರೆ ಕಣ್ಣೆದುರೇ ಒಡೆಯುತ್ತಿದ್ದ ಆ ಹೊತ್ತಿನಲ್ಲಿಯೇ ಅವರು ಆ ನೆರೆಹೊರೆಯ ಚರಿತ್ರೆ ಬರೆಯಲು ಕುಳಿತರು. ಎರಡು ಜನಾಂಗಗಳ ನಡುವಿನ ಸಾವಿರಾರು ವರ್ಷದ ಕೊಡುಕೊಳ್ಳುವಿಕೆಯ ಬಗ್ಗೆ ಅವರ 'ಯಹೂದಿಗಳು ಮತ್ತು ಅರಬರು' ಎಂಬ ಅರ್ಥದ ಹೆಸರಿನ ಇಂಗ್ಲಿಷ್ ಪುಸ್ತಕ 1955ರಲ್ಲಿ ಪ್ರಕಟವಾಯಿತು.

ಗೆನಿಜಾ ಎಂದರೇನು?

ದೇವರ ಹೆಸರಿರುವ ಕಾಗದವನ್ನು ಕಾಲಡಿ ಬೀಳಿಸಬಾರದು, ಕಸಕ್ಕೆ ಹಾಕಬಾರದು ಎಂಬ ನಡವಳಿಕೆ ನಮ್ಮ ಮನೆಗಳಲ್ಲಿದೆ. ಕುರ್‌ಆನಿನ ಹಳೆಯ ಹಾಳೆಗಳನ್ನು ಎತ್ತಿಟ್ಟು, ಗೌರವದಿಂದ ಮಣ್ಣು ಮಾಡುವುದನ್ನು ನಾವು ನೋಡಿದ್ದೇವೆ. ಯಹೂದಿಗಳಲ್ಲಿಯೂ ಇಂಥದೇ ಪದ್ಧತಿಯಿದೆ. ಹೀಬ್ರೂ ಅಕ್ಷರ ಬರೆದ ಹಳೆಯ ಕಾಗದವನ್ನು ಅವರು ಒಂದು ಕೋಣೆಯಲ್ಲಿ ಕೂಡಿಡುತ್ತಿದ್ದರು. ಅದಕ್ಕೆ ಗೆನಿಜಾ ಎಂದು ಹೆಸರು. ಹಳೆಯ ಕೈರೋ, ಅಂದರೆ ಫುಸ್ತಾತ್‌ನಲ್ಲಿರುವ ಬೆನ್ ಎಜ್ರಾ ಪ್ರಾರ್ಥನಾ ಮಂದಿರದ ಜನ ಆ ಕೋಣೆಯನ್ನು ಶತಮಾನಗಟ್ಟಲೆ ಖಾಲಿ ಮಾಡಲೇ ಇಲ್ಲ. ಈಜಿಪ್ಟಿನ ಒಣ ಹವೆಯಲ್ಲಿ ಕಾಗದಗಳು ಹಾಗೆಯೇ ಉಳಿದವು.

1896ರಿಂದ 97ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಸಾಲೊಮನ್ ಶೆಕ್ಟರ್ ಅಲ್ಲಿಂದ 1 ಲಕ್ಷ 90 ಸಾವಿರಕ್ಕೂ ಹೆಚ್ಚು ತುಣುಕುಗಳನ್ನು ಇಂಗ್ಲೆಂಡಿಗೆ ಒಯ್ದರು. ಉಳಿದವು ಆಕ್ಸ್‌ಫರ್ಡ್, ಬುಡಾಪೆಸ್ಟ್, ಪೀಟರ್ಸ್‌ಬರ್ಗ್, ನ್ಯೂಯಾರ್ಕ್ ಮೊದಲಾದ ಕಡೆ ಹಂಚಿಹೋದವು. ಒಂದೇ ಪತ್ರದ ಮೇಲಿನ ಅರ್ಧ ಒಂದು ದೇಶದಲ್ಲಿ, ಕೆಳಗಿನ ಅರ್ಧ ಇನ್ನೊಂದು ದೇಶದಲ್ಲಿ ಎನ್ನುವ ಸ್ಥಿತಿ. ಮೊದಲ ಐವತ್ತು ವರ್ಷ ಹೆಚ್ಚಿನ ವಿದ್ವಾಂಸರು ಧರ್ಮಗ್ರಂಥ ಮತ್ತು ಕಾವ್ಯದ ಹಾಳೆಗಳನ್ನೇ ಹೆಕ್ಕಿದರು. ಅಂಗಡಿಯ ಲೆಕ್ಕ, ಸಾಲದ ಚೀಟಿ, ಮದುವೆಯ ಕರಾರು, ಹೆಂಡತಿ ಗಂಡನಿಗೆ ಬರೆದ ಪತ್ರ ಇವು ಹೆಚ್ಚಿನವರ ಗಮನಕ್ಕೆ ಬೀಳಲಿಲ್ಲ.

ಗೋಯಿಟೈನ್ ಎತ್ತಿಕೊಂಡದ್ದು ಅವನ್ನೇ. ಅವುಗಳ ಭಾಷೆ ಅರಬ್ಬಿ, ಅಕ್ಷರ ಹೀಬ್ರೂ. ಇದು ವಿಚಿತ್ರವೆನಿಸಿದರೆ ನಮ್ಮ ಮೊಬೈಲುಗಳನ್ನೇ ನೋಡಿಕೊಳ್ಳಬಹುದು. ಮನೆಯಲ್ಲಿ ಉರ್ದು ಮಾತಾಡುವ ನಮ್ಮಲ್ಲಿ ಎಷ್ಟೋ ಮಂದಿ ಗೆಳೆಯರಿಗೆ ಅದೇ ಉರ್ದುವನ್ನು ಕನ್ನಡ ಅಕ್ಷರದಲ್ಲಿ ಬರೆದು ಕಳಿಸುತ್ತೇವೆ. ಉರ್ದು ಬಾರದ ಕನ್ನಡಿಗ ಅದನ್ನು ಓದಬಲ್ಲ, ಅರ್ಥ ಮಾಡಿಕೊಳ್ಳಲಾರ. ಕನ್ನಡ ಅಕ್ಷರ ಬಾರದ ಉರ್ದು ಪಂಡಿತ ಓದಲಾರ. ಎರಡೂ ಬಲ್ಲವನಿಗೆ ಮಾತ್ರ ಅದು ತೆರೆದುಕೊಳ್ಳುತ್ತದೆ. ಗೋಯಿಟೈನ್ ಅಂಥವರಾಗಿದ್ದರು. ತಾಲ್ಮುದ್ ಒಂದು ಕಡೆ, ಕುರ್‌ಆನ್ ಮತ್ತು ಅರಬ್ಬಿ ಚರಿತ್ರೆ ಇನ್ನೊಂದು ಕಡೆ, ಯೆಮನ್ ಜನರ ಆಡುಮಾತು ಮತ್ತೊಂದು ಕಡೆ ಅವರಿಗೆ ಗೊತ್ತಿತ್ತು. ಅನ್ಯರ ಭಾಷೆಯೆಂದು ಅರಬ್ಬಿಯನ್ನು ಬಿಟ್ಟಿದ್ದರೆ, ತಮ್ಮ ಪೂರ್ವಜರ ಪತ್ರಗಳೇ ಅವರಿಗೆ ಓದಲು ಬರುತ್ತಿರಲಿಲ್ಲ.

ಮಂಗಳೂರಿನ ಕಾಗದಗಳು

ಈ ಕೆಲಸಕ್ಕೆ ಕೈಹಾಕಿದಾಗ ಅವರಿಗೆ ಐವತ್ತು ವರ್ಷ ಸಮೀಪಿಸಿತ್ತು. ಆಗ ಅವರ ಗಮನ ಸೆಳೆದದ್ದು ಫುಸ್ತಾತಿನ ಯಹೂದಿ ನ್ಯಾಯಾಲಯದಲ್ಲಿ 1097-98ರಲ್ಲಿ ನಡೆದ ಒಂದು ವ್ಯಾಜ್ಯದ ದಾಖಲೆ. ಜೋಸೆಫ್ ಲೆಬ್ದಿ ಎಂಬ ವ್ಯಾಪಾರಿ ಭಾರತಕ್ಕೆ ಹೋಗಿ ಬಂದ ಮೇಲೆ ಸರಕಿನ ವಿಷಯದಲ್ಲಿ ಎದ್ದ ಜಗಳವದು. ಅದರ ಜಾಡು ಹಿಡಿದು ಹೋದಂತೆ ಭಾರತದ ವ್ಯಾಪಾರಕ್ಕೆ ಸೇರಿದ ಪತ್ರಗಳು ಒಂದರ ಹಿಂದೊಂದು ಸಿಕ್ಕವು. ಅವುಗಳಲ್ಲಿ ಮಂಗಳೂರಿನ ಬೆನ್ ಯಿಜುವಿನ ಕಟ್ಟು ದೊಡ್ಡದು.

ಬೆನ್ ಯಿಜು ಇಂದಿನ ಟುನೀಸಿಯಾದ ಮಹ್ದಿಯಾ ಊರಿನವನು. 1132ರ ಹೊತ್ತಿಗೆ ಅವನು ಮಂಗಳೂರಿನಲ್ಲಿದ್ದ. ಆ ವರ್ಷ ಅಕ್ಟೋಬರ್ 17ರಂದು ಆಶು ಎಂಬ ದಾಸಿಗೆ ಬಿಡುಗಡೆ ಕೊಟ್ಟ ಪತ್ರವನ್ನು ತನ್ನ ಕೈಯಿಂದಲೇ ಬರೆದಿದ್ದಾನೆ. ಆಕೆಯನ್ನೇ ಮದುವೆಯಾದ ಎಂದು ವಿದ್ವಾಂಸರು ತಿಳಿಯುತ್ತಾರೆ. ಏಡನ್ನಿನಲ್ಲಿ ಅವನ ದೊಡ್ಡ ಆಸರೆ ಮದ್ಮೂನ್ ಎಂಬ ಯಹೂದಿ ವರ್ತಕ. ಮದ್ಮೂನನ ಪತ್ರಗಳಲ್ಲಿ ಸರಕಿನ ಲೆಕ್ಕದ ಜೊತೆಗೆ ಮನೆಯವರಿಗೆಂದು ಕಳಿಸಿದ ಸಕ್ಕರೆ, ಒಣದ್ರಾಕ್ಷಿ, ಬರೆಯುವ ಕಾಗದದ ಪಟ್ಟಿಯೂ ಇರುತ್ತದೆ. ಆಗ ನಮ್ಮ ಕರಾವಳಿಯಲ್ಲಿ ಕಾಗದ ಸಿಗುತ್ತಿರಲಿಲ್ಲ. ಅದಕ್ಕೇ ಬೆನ್ ಯಿಜು ತನಗೆ ಬಂದ ಪತ್ರಗಳ ಖಾಲಿ ಜಾಗದಲ್ಲೆಲ್ಲ ಲೆಕ್ಕ ಬರೆದಿದ್ದಾನೆ.

ಏಲಕ್ಕಿ ತಂದುಕೊಡುತ್ತೇನೆಂದು ಮುಂಗಡ ಹಣ ಪಡೆದ ಸ್ಥಳೀಯನೊಬ್ಬ ಮಾಲು ಕೊಡದೆ ಸತಾಯಿಸಿದ್ದು, ಏಡನ್ನಿನ ಪಾಲುದಾರರು ಅದೇ ವಿಷಯವಾಗಿ ಪತ್ರದ ಮೇಲೆ ಪತ್ರ ಬರೆದದ್ದು, ವ್ಯಾಪಾರಕ್ಕೆಂದು ಏಡನ್ನಿಗೆ ಹೋದ ಬೊಮ್ಮ ಅಲ್ಲಿ ಕುಡಿದು ಮದ್ಮೂನನನ್ನು ಹಣಕ್ಕಾಗಿ ಪೀಡಿಸಿದ್ದು, ಎಲ್ಲವೂ ಅದರಲ್ಲಿದೆ. ಇವನ್ನು ಓದಿದರೆ ಬ್ಯಾಡಗಿ ಪೇಟೆಯ ಅಡತಿ ಅಂಗಡಿಯ ಮಾತು ಕೇಳಿದಂತಾಗುತ್ತದೆ. ಆದರೆ ಆಗ ಬ್ಯಾಡಗಿಯಲ್ಲಿ ಮೆಣಸಿನಕಾಯಿಯೇ ಇರಲಿಲ್ಲ. ಅದು ಪೋರ್ಚುಗೀಸರ ಕಾಲದಲ್ಲಿ ಅಮೆರಿಕ ಖಂಡದಿಂದ ಬಂದದ್ದು. ಆಗ ಖಾರವೆಂದರೆ ಕಾಳುಮೆಣಸು. ಅದನ್ನು ಬಯಸಿ ಯಹೂದಿ, ಮುಸ್ಲಿಂ, ಗುಜರಾತಿ ವರ್ತಕರೆಲ್ಲ ನಮ್ಮ ಕರಾವಳಿಗೆ ಬರುತ್ತಿದ್ದರು.

ಅದೇ ಕಾಲದ ನಮ್ಮ ಸೀಮೆಯ ದಾಖಲೆಗಳು ಕಲ್ಲಿನ ಮೇಲಿವೆ. ಕಲ್ಯಾಣ ಚಾಲುಕ್ಯರ ಆಳ್ವಿಕೆಯ ದಿನಗಳವು. ಹಾವೇರಿಯ ಸಿದ್ಧೇಶ್ವರ, ಚೌಡಯ್ಯದಾನಪುರದ ಮುಕ್ತೇಶ್ವರ ಮೊದಲಾದ ಗುಡಿಗಳ ಶಾಸನಗಳು ರಾಜರ ಹೆಸರನ್ನೂ ದಾನದತ್ತಿಗಳನ್ನೂ ಹೇಳುತ್ತವೆ. ಯಾರು ಯಾರಿಗೆ ಮುಂಗಡ ಕೊಟ್ಟು ಮೋಸಹೋದರು, ಆಳು ಕುಡಿದು ಏನು ಮಾಡಿದ ಎಂಬುದನ್ನು ಕಲ್ಲಿನ ಮೇಲೆ ಯಾರೂ ಕೆತ್ತಿಸುವುದಿಲ್ಲ. ಸಾಮಾನ್ಯನ ಬದುಕು ಉಳಿಯಬೇಕಾದರೆ ಕಾಗದ ಉಳಿಯಬೇಕು.

1149ರಲ್ಲಿ ಬೆನ್ ಯಿಜು ಮಗ ಮತ್ತು ಮಗಳನ್ನು ಕರೆದುಕೊಂಡು ಏಡನ್ನಿಗೆ ಮರಳಿದ. ಅಷ್ಟರಲ್ಲಿ ಅವನ ಹುಟ್ಟೂರು ಸಿಸಿಲಿಯ ನಾರ್ಮನ್ನರ ಕೈಗೆ ಬಿದ್ದಿತ್ತು. ಬಂಧುಗಳು ಚದುರಿಹೋಗಿದ್ದರು. ಕೂಡಿಟ್ಟ ಗಳಿಕೆಯನ್ನು ಒಡಹುಟ್ಟಿದವರೊಡನೆ ಹಂಚಿಕೊಳ್ಳುವ ಆಸೆಯಿಂದ ಅವರನ್ನು ಹುಡುಕಿ ಪತ್ರ ಬರೆದ. ಮಗ ತೀರಿಕೊಂಡ. ಮಗಳು ಸೋದರನ ಮಗನನ್ನು 1156ರಲ್ಲಿ ಫುಸ್ತಾತಿನಲ್ಲಿ ಮದುವೆಯಾದಳು. ಹೀಗೆ ಮಂಗಳೂರಿನ ಕಾಗದಗಳು ಕೈರೋ ಸೇರಿ, ಆ ಕೋಣೆಯಲ್ಲಿ ಉಳಿದವು.

ಸೂಫಿ ದಾರಿ ಹಿಡಿದ ಯಹೂದಿಗಳು

ಅಂಗಡಿಯ ಚೀಟಿಗಳ ನಡುವೆ ಗೋಯಿಟೈನ್ ಅವರಿಗೆ ಅನುಭಾವದ ಕಾಗದಗಳೂ ಸಿಕ್ಕವು. ಮೂಸಾ ಬಿನ್ ಮೈಮೂನ್ ಯಹೂದಿಗಳ ಮಹಾಪಂಡಿತ, ವೈದ್ಯ. ಅವನ ತಮ್ಮ ದಾವೂದ್ ಭಾರತದ ವ್ಯಾಪಾರಕ್ಕೆ ಹೊರಟು ಸಮುದ್ರದಲ್ಲಿ ಮುಳುಗಿ ಸತ್ತ. ಹಡಗು ಹತ್ತುವ ಮೊದಲು ದಾವೂದ್ ಅಣ್ಣನಿಗೆ ಬರೆದ ಪತ್ರ ಗೆನಿಜಾದಲ್ಲಿತ್ತು. ಅದನ್ನು ಗೋಯಿಟೈನ್ ಇಂಗ್ಲಿಷಿಗೆ ತಂದರು.

ಮೂಸಾನ ಮಗ ಅಬ್ರಹಾಂ (1186-1237) ಈಜಿಪ್ಟಿನ ಯಹೂದಿಗಳ ಮುಖಂಡ, ಅಯ್ಯೂಬಿ ಸುಲ್ತಾನರ ಆಸ್ಥಾನದ ವೈದ್ಯ. ಅವನು ಸೂಫಿಗಳ ಸಾಧನೆಯನ್ನು ಮೆಚ್ಚಿಕೊಂಡ. ಪ್ರಾಚೀನ ಪ್ರವಾದಿಗಳ ದಾರಿಯನ್ನು ಸೂಫಿಗಳು ಉಳಿಸಿಕೊಂಡಿದ್ದಾರೆ ಎಂಬುದು ಅವನ ಅಭಿಪ್ರಾಯ. ಯಹೂದಿಗಳ ಪ್ರಾರ್ಥನೆಯಲ್ಲಿ ಮಂಡಿಯೂರುವುದು, ಸಜ್ದಾ ಮಾಡುವುದು ಮೊದಲಾದ ಕ್ರಮಗಳನ್ನು ತರಲು ಯತ್ನಿಸಿದ. ಅವನ ಸಮುದಾಯದಲ್ಲೇ ಇದಕ್ಕೆ ವಿರೋಧ ಬಂತು. ಗೋಯಿಟೈನ್ ಅಬ್ರಹಾಮನನ್ನು ಬಹಳ ಪ್ರೀತಿಯಿಂದ ಅಧ್ಯಯನ ಮಾಡಿದರು.

1953ರಲ್ಲಿ ಅವರು ಪ್ರಕಟಿಸಿದ ಇನ್ನೊಂದು ಪತ್ರ 14ನೆಯ ಶತಮಾನದ್ದು. ಕೈರೋದ ಬಸೀರ್ ಎಂಬ ಗಂಟೆ ಮಾಡುವ ಯಹೂದಿ ಕುಶಲಕರ್ಮಿ ಮನೆ ಬಿಟ್ಟು, ಗುಡ್ಡದ ಮೇಲೆ ಸೂಫಿ ಗುರು ಅಲ್-ಕೂರಾನಿಯ ಬಳಿ ಇರತೊಡಗಿದ. ಹೆಂಡತಿ ಸಮುದಾಯದ ಮುಖಂಡನಿಗೆ ಪತ್ರ ಬರೆದು, ಮಕ್ಕಳ ಗತಿಯೇನು, ಗಂಡನನ್ನು ಹೇಗಾದರೂ ಮನೆಗೆ ಕರೆತನ್ನಿ ಎಂದು ಬೇಡಿಕೊಳ್ಳುತ್ತಾಳೆ. ಅನುಭಾವದ ಗ್ರಂಥಗಳಲ್ಲಿ ಸಾಧಕನ ಆನಂದ ಮಾತ್ರ ಕಾಣುತ್ತದೆ. ಒಲೆ ಹೊತ್ತಿಸಬೇಕಾದವಳ ಕಷ್ಟ ಕಂಡದ್ದು ಈ ಚೀಟಿಯಲ್ಲಿ. ಬ್ರಾಹ್ಮಣ ಗುರು ಗೋವಿಂದಭಟ್ಟರ ಕೈಹಿಡಿದು ನಡೆದ ಶಿಶುನಾಳ ಶರೀಫರ ನಾಡಿನವರಾದ ನಮಗೆ ಧರ್ಮದ ಗೆರೆ ದಾಟಿದ ಗುರು ಶಿಷ್ಯರು ಅಪರಿಚಿತರಲ್ಲ.

ಐದು ಸಂಪುಟಗಳ ತಪಸ್ಸು

ಭಾರತದ ವ್ಯಾಪಾರದ ಬಗ್ಗೆಯೇ ಪುಸ್ತಕ ಬರೆಯಬೇಕೆಂಬುದು ಗೋಯಿಟೈನ್ ಅವರ ಮೊದಲ ಇಚ್ಛೆ. ಆದರೆ ಆ ವ್ಯಾಪಾರಿಗಳು ಬಂದ ನಾಡನ್ನು ತಿಳಿಯದೆ ಅವರನ್ನು ತಿಳಿಯಲಾಗದು ಎಂದು ಅವರಿಗೆ ಮನವರಿಕೆಯಾಯಿತು. ಭಾರತದ ಕಟ್ಟನ್ನು ಬದಿಗಿಟ್ಟು ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ಸಮಾಜದ ಕಡೆ ತಿರುಗಿದರು. 1957ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯಕ್ಕೆ ಅರಬ್ಬಿ ಪ್ರಾಧ್ಯಾಪಕರಾಗಿ ಹೋದರು. ನಿವೃತ್ತಿಯ ನಂತರ ಪ್ರಿನ್ಸ್‌ಟನ್ನಿನ ಉನ್ನತ ಅಧ್ಯಯನ ಸಂಸ್ಥೆ ಸೇರಿದರು. 'ಎ ಮೆಡಿಟರೇನಿಯನ್ ಸೊಸೈಟಿ' ಎಂಬ ಮಹಾಗ್ರಂಥದ ಮೊದಲ ಸಂಪುಟ 1967ರಲ್ಲಿ ಬಂತು. ಮುಂದಿನವು 1971, 1978 ಮತ್ತು 1983ರಲ್ಲಿ. ವ್ಯಾಪಾರ, ಸಮುದಾಯ, ಕುಟುಂಬ, ದಿನನಿತ್ಯದ ಬದುಕು, ಮನುಷ್ಯನ ಮನಸ್ಸು ಹೀಗೆ ಒಂದೊಂದು ಸಂಪುಟಕ್ಕೆ ಒಂದೊಂದು ವಿಷಯ.

ಅವರ ಕೆಲಸದ ರೀತಿ ವಿದ್ಯಾರ್ಥಿಗಳು ಗಮನಿಸುವಂಥದ್ದು. ಕಂಪ್ಯೂಟರ್ ಇಲ್ಲದ ಕಾಲ. ಓದಿದ್ದನ್ನು ಸಣ್ಣ ಕಾರ್ಡುಗಳ ಮೇಲೆ ಬರೆದು ವಿಷಯವಾರು ಜೋಡಿಸಿಡುತ್ತಿದ್ದರು. ಹಾಗೆ ಬರೆದ ಕಾರ್ಡುಗಳು ಸುಮಾರು 27 ಸಾವಿರ. ಅವು ಇಂದಿಗೂ ಸಂಶೋಧಕರಿಗೆ ಉಪಯೋಗವಾಗುತ್ತಿವೆ.

ಅವರ ಪ್ರಾಮಾಣಿಕತೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಮುಸ್ಲಿಂ ಆಳ್ವಿಕೆಯ ಆ ಈಜಿಪ್ಟಿನಲ್ಲಿ ಯಹೂದಿ, ಕ್ರೈಸ್ತ, ಮುಸ್ಲಿಮರು ಒಂದೇ ಕಟ್ಟಡದಲ್ಲಿ ಬಾಡಿಗೆಗಿದ್ದದ್ದನ್ನು, ಪಾಲುದಾರಿಕೆಯಲ್ಲಿ ವ್ಯಾಪಾರ ಮಾಡಿದ್ದನ್ನು, ಯಹೂದಿಗಳು ಕಾಜಿಯ ನ್ಯಾಯಾಲಯಕ್ಕೂ ಹೋಗುತ್ತಿದ್ದದ್ದನ್ನು ಅವರು ದಾಖಲೆಸಹಿತ ತೋರಿಸಿದರು. ಅದೇ ವೇಳೆಗೆ ಜಿಜಿಯಾ ತೆರಿಗೆ ಬಡ ಯಹೂದಿಗಳಿಗೆ ಎಷ್ಟು ಭಾರವಾಗಿತ್ತು ಎಂಬುದನ್ನೂ ಬರೆದರು. ಈ ಹೊರೆಯನ್ನು ತಾವು ಮೊದಲು ಕಡಿಮೆಯೆಂದು ಎಣಿಸಿದ್ದುದಾಗಿ, ಬಡವರ ಪತ್ರಗಳನ್ನು ಓದಿದ ಮೇಲೆ ಅಭಿಪ್ರಾಯ ಬದಲಿಸಿದ್ದಾಗಿ ಒಪ್ಪಿಕೊಂಡರು. ಹಿಂದಿನದೆಲ್ಲ ಸ್ವರ್ಗವೆಂದು ಹೊಗಳುವವರಿಗೂ, ಹಿಂದಿನದೆಲ್ಲ ನರಕವೆಂದು ತೆಗಳುವವರಿಗೂ ಅವರ ಸಂಪುಟಗಳು ಪೂರ್ತಿ ಒಪ್ಪಿಗೆಯಾಗುವುದಿಲ್ಲ. ಒಳ್ಳೆಯ ಚರಿತ್ರೆಯ ಗುರುತು ಅದು.

ಕೊನೆಯ ದಿನಗಳು

1983ರಲ್ಲಿ ಅವರಿಗೆ ಅಮೆರಿಕದ ಪ್ರತಿಷ್ಠಿತ ಮ್ಯಾಕ್‌ಆರ್ಥರ್ ಫೆಲೋಶಿಪ್ ದೊರೆಯಿತು. ಐದನೆಯ ಸಂಪುಟದ ಬರವಣಿಗೆ ಮುಗಿಸಿದ ಕೆಲವೇ ಸಮಯಕ್ಕೆ, 1985ರ ಫೆಬ್ರವರಿ 6ರಂದು, ಪ್ರಿನ್ಸ್‌ಟನ್ನಿನಲ್ಲಿ ಅವರು ನಿಧನರಾದರು. ಆ ಸಂಪುಟ ಅಚ್ಚಾಗಿ ಬಂದದ್ದು 1988ರಲ್ಲಿ.

ಮೊದಲು ಹಿಡಿದಿದ್ದ ಭಾರತದ ಪುಸ್ತಕ ಮಾತ್ರ ಅವರ ಕೈಯಿಂದ ಮುಗಿಯಲಿಲ್ಲ. ಶಿಷ್ಯ ಮೊರ್ದೆಖಾಯ್ ಅಕಿವಾ ಫ್ರೀಡ್‌ಮನ್ ಅದನ್ನು ಕೈಗೆತ್ತಿಕೊಂಡು ವರ್ಷಗಟ್ಟಲೆ ದುಡಿದರು. 'ಇಂಡಿಯಾ ಟ್ರೇಡರ್ಸ್ ಆಫ್ ದಿ ಮಿಡ್ಲ್ ಏಜಸ್' ಎಂಬ ಹೆಸರಿನಲ್ಲಿ ಅದು 2008ರಲ್ಲಿ, ಗುರು ತೀರಿದ 23 ವರ್ಷಗಳ ಮೇಲೆ, ಇಬ್ಬರ ಹೆಸರಿನಲ್ಲಿಯೂ ಹೊರಬಂತು. ಅದಕ್ಕೂ ಮೊದಲೇ ಅಮಿತಾವ್ ಘೋಷ್ ಆಕ್ಸ್‌ಫರ್ಡಿನಲ್ಲಿ ವಿದ್ಯಾರ್ಥಿಯಾಗಿದ್ದಾಗ ಗೋಯಿಟೈನ್ ಅನುವಾದಿಸಿದ ಪತ್ರಗಳಲ್ಲಿ ಮಂಗಳೂರಿನ ಆಳಿನ ಉಲ್ಲೇಖ ಕಂಡು, ಅವನ ಬೆನ್ನು ಹತ್ತಿದರು. ಹೀಬ್ರೂ ಅಕ್ಷರದಲ್ಲಿ ಬ, ಮ, ಹ ಎಂದಷ್ಟೇ ಇದ್ದ ಹೆಸರನ್ನು ಗೋಯಿಟೈನ್ ಬಾಮಾ ಎಂದು ಓದಿದ್ದರು. ತುಳುನಾಡಿನ ವಿದ್ವಾಂಸರ ನೆರವಿನಿಂದ ಘೋಷ್ ಅದು ಬೊಮ್ಮ ಇರಬೇಕೆಂದು ಗುರುತಿಸಿದರು. ಅವರ 'ಇನ್ ಆ್ಯನ್ ಆಂಟೀಕ್ ಲ್ಯಾಂಡ್' ಪುಸ್ತಕ 1992ರಲ್ಲಿ ಪ್ರಕಟವಾಯಿತು. ಜಗತ್ತಿನ ದೊಡ್ಡ ಪಂಡಿತನಿಗೆ ತಿಳಿಯದ ಒಂದು ಹೆಸರು ನಮ್ಮ ನೆಲದ ಭಾಷೆ ಬಲ್ಲವರಿಗೆ ತಿಳಿಯಿತು.

ನಮ್ಮ ಊರಿನ ಕಾಗದಗಳು

ತುಂಗಭದ್ರೆಯ ದಂಡೆಯ ನಮ್ಮ ಐರಣಿಯಲ್ಲಿ ಕೋಟೆಯ ಕಲ್ಲುಗಳು ಇನ್ನೂ ಇವೆ. ಅವನ್ನು ನೋಡಿ ರಾಜರ ಕಾಳಗಗಳನ್ನು ಊಹಿಸಬಹುದು. ಆದರೆ ಕೋಟೆಯ ಕೆಳಗೆ ಬಾಳಿದವರು ಏನು ಬಿತ್ತಿದರು, ಯಾರ ಬಳಿ ಸಾಲ ತಂದರು, ಮಗಳ ಮದುವೆಗೆ ಏನು ಕೊಟ್ಟರು ಎಂಬುದು ಕಲ್ಲಿನಲ್ಲಿಲ್ಲ. ಅದು ಅಟ್ಟದ ಮೇಲಿನ ಟ್ರಂಕಿನಲ್ಲಿ ಇರಬಹುದು. ನಮ್ಮ ಭಾಗದಲ್ಲಿ ಪೇಶ್ವೆಯರ ಕಾಲದ ಲೆಕ್ಕಪತ್ರಗಳು ಮೋಡಿ ಲಿಪಿಯಲ್ಲಿವೆ. ಸವಣೂರಿನ ನವಾಬರ ಕಾಲದ ಕಾಗದಗಳು ಫಾರ್ಸಿಯಲ್ಲಿವೆ. ಅಜ್ಜಂದಿರ ನಿಕಾಹ್‌ನಾಮೆ, ಅಂಗಡಿಯ ಕೀರ್ದಿ, ದೂರದ ಊರಿನಿಂದ ಬಂದ ಕಾರ್ಡುಗಳು ಉರ್ದುವಿನಲ್ಲೋ ಕನ್ನಡದಲ್ಲೋ ಇವೆ. ಮೋಡಿ ಓದುವವರು ಈಗ ಬೆರಳೆಣಿಕೆಯಷ್ಟು. ಫಾರ್ಸಿ ಓದುವವರೂ ಅಷ್ಟೇ. ಮನೆ ಕೆಡವಿ ಹೊಸದು ಕಟ್ಟುವಾಗ ಇಂಥ ಕಾಗದಗಳು ಒಲೆಗೋ ರದ್ದಿಗೋ ಹೋಗುತ್ತವೆ.

ಕೈರೋದ ಜನ ಕಾಗದವನ್ನು ಎಸೆಯಲಿಲ್ಲ, ಅದರಿಂದ ಮಂಗಳೂರಿನ ಬೊಮ್ಮ ಉಳಿದ. ನಮ್ಮಲ್ಲಿ ಯಾರಾದರೂ ಒಬ್ಬ ವಿದ್ಯಾರ್ಥಿ ಕನ್ನಡದ ಜೊತೆಗೆ ಫಾರ್ಸಿಯನ್ನೋ ಮೋಡಿಯನ್ನೋ ಕಲಿಯುವ ಮನಸ್ಸು ಮಾಡಿದರೆ, ಈ ಸೀಮೆಯ ಎಷ್ಟೋ ಮನೆತನಗಳ ಹೆಸರು ಮತ್ತೆ ಓದಲು ಸಿಗುತ್ತದೆ. ಅದಕ್ಕೆ ವಯಸ್ಸಿನ ಅಡ್ಡಿಯೂ ಇಲ್ಲ. ಗೋಯಿಟೈನ್ ತಮ್ಮ ದೊಡ್ಡ ಕೆಲಸಕ್ಕೆ ಕೈಹಾಕಿದ್ದು ಐವತ್ತರ ಸುಮಾರಿಗೆ. ನಿಮಗೆ ಈಗ ಹದಿನೇಳು. ಸದ್ಯಕ್ಕೆ ಮಾಡಬೇಕಾದದ್ದು ಇಷ್ಟೇ: ಮನೆಯ ಹಳೆಯ ಟ್ರಂಕಿನಲ್ಲಿ ಓದಲಾಗದ ಕಾಗದ ಕಂಡರೆ ಅದನ್ನು ರದ್ದಿಗೆ ಹಾಕಬೇಡಿ. ಒಣಗಿದ ಜಾಗದಲ್ಲಿ ಮಡಚದೆ ಎತ್ತಿಡಿ, ಅದು ಯಾರದು ಎಂದು ಮನೆಯ ಹಿರಿಯರನ್ನು ಕೇಳಿ ಬರೆದಿಡಿ.